ಅಹಮದಾಬಾದಿನ ಸಸ್ಯಾಹಾರ ಪರಂಪರೆ

ಸುಲ್ತಾನ ಅಹಮದ್ ಶಾಹನು 1411ರಲ್ಲಿ ಸ್ಥಾಪಿಸಿದ ಅಹಮದಾಬಾದಿನ ಸಸ್ಯಾಹಾರ ಪರಂಪರೆಯನ್ನು ರೂಪಿಸಿದವರಲ್ಲಿ ಜೈನ, ವೈಷ್ಣವ ವರ್ತಕರು ಪ್ರಮುಖರು. ಕಂದಮೂಲಗಳನ್ನು ತ್ಯಜಿಸಿದ ಶ್ರಾವಕರ ಅಡುಗೆಯಲ್ಲಿ ಆಲೂಗಡ್ಡೆಯ ಸ್ಥಾನವನ್ನು ಬಾಳೆಕಾಯಿ ತುಂಬಿತು. ಚಾತುರ್ಮಾಸದಲ್ಲಿ ಸೊಪ್ಪನ್ನೂ ಪರ್ವತಿಥಿಗಳಲ್ಲಿ ಹಸಿರು ತರಕಾರಿಯನ್ನೂ ವರ್ಜಿಸುವವರಿಗೆ ಬೇಳೆಕಾಳು, ಕಡಲೆಹಿಟ್ಟು, ಹಪ್ಪಳಗಳೇ ಆಧಾರವಾದವು. ಹೆಂಚಿನ ಮೇಲೆ ಒತ್ತಿ, ತೇವಾಂಶ ಆರುವವರೆಗೆ ಸುಟ್ಟ ಗರಿಗರಿ ಖಾಖರಾ ಹಲವು ದಿನ ಕೆಡದೆ ಉಳಿಯುತ್ತದೆ. ಹೀಗೆ ವ್ರತನಿಯಮವೇ ಪಾಕವೈವಿಧ್ಯಕ್ಕೆ ಕಾರಣವಾಯಿತು.

ಜೀವದಯೆ ಅಡುಗೆಮನೆಯಲ್ಲೇ ನಿಲ್ಲಲಿಲ್ಲ. 'ಪೋಳ್' ಎಂಬ ಹಳೆಯ ಕೇರಿಗಳಲ್ಲಿ ಹಕ್ಕಿಗಳಿಗೆ ಕಾಳುಣಿಸುವ 'ಚಬೂತರೊ' ಎಂಬ ಕಂಬಗೂಡುಗಳು ಎದ್ದು ನಿಂತವು.

ಅದೇ ನಗರದಲ್ಲಿ ಮುಸ್ಲಿಮರ ಮಾಂಸಾಹಾರ ಪರಂಪರೆಯೂ ಶತಮಾನಗಳಿಂದ ಬೆಳೆದುಬಂದಿದೆ. ಆದ್ದರಿಂದ ಸಸ್ಯಾಹಾರವನ್ನೇ ಅಹಮದಾಬಾದಿನ ಏಕೈಕ ಗುರುತೆನ್ನುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಶ್ರಾವಕನ ಆಹಾರನಿಯಮ ಮೂಲತಃ ಸ್ವಸಂಯಮ. ತಾನು ಕೈಗೊಂಡ ವ್ರತ. ಅನೇಕಾಂತವನ್ನು ಬೋಧಿಸಿದ ಧರ್ಮದ ಅಡುಗೆಯ ಚರಿತ್ರೆಯನ್ನೂ ಅನೇಕಾಂತ ದೃಷ್ಟಿಯಿಂದಲೇ ಬರೆಯಬೇಕಾಗಿದೆ.