ಹಳಿಯನ್ನು ಹಿಡಿದ ಕ್ಲಿಪ್ಪು

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರನ್ನು ಮುಟ್ಟಿತು. ಶಹಾಬಾದ, ವಾಡಿ ಆ ದಾರಿಯ ಊರುಗಳು. 1874ರಲ್ಲಿ ನಿಜಾಮರ ಹಣದಿಂದ ವಾಡಿ-ಸಿಕಂದರಾಬಾದ್ ಮಾರ್ಗ ತೆರೆದು ಚಿತ್ತಾಪುರ, ಸೇಡಂ ರೈಲು ಕಂಡವು. ಚಿಂಚೋಳಿಯವರು ಮಾತ್ರ ಇಂದಿಗೂ ಗಾಡಿ ಹತ್ತಲು ತಾಂಡೂರಿಗೋ ಸೇಡಮ್ಮಿಗೋ ಹೋಗಬೇಕು.

ಇತಿಹಾಸದ ಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ಹಳಿಯನ್ನು ಹಿಡಿದಿಟ್ಟದ್ದು ಯಾವುದೆಂದು ಯಾರೂ ಕೇಳುವುದಿಲ್ಲ. ಮರದ ಸ್ಲೀಪರಿಗೆ ಮೊಳೆ, ಬೀಡುಕಬ್ಬಿಣದ ಸ್ಲೀಪರಿಗೆ ಬೆಣೆಯಂಥ ಕೀಲಿ. ಗಾಡಿಗಳ ಅದುರಿಗೆ ಇವು ಸಡಿಲವಾಗುತ್ತಿದ್ದವು. ಸುತ್ತಿಗೆ ಹೊತ್ತ ಕೀಮ್ಯಾನ್ ನಡೆನಡೆದು ಬಡಿಯಬೇಕಿತ್ತು.

ಕಾಂಕ್ರೀಟಿಗೆ ಮೊಳೆ ಹೊಡೆಯಲಾಗದು. ಆದ್ದರಿಂದ ಎರಕ ಹೊಯ್ಯುವಾಗಲೇ ಅದರಲ್ಲಿ ಕಬ್ಬಿಣದ ಹಿಡಿಗಳನ್ನು ಹುಗಿಯುತ್ತಾರೆ. ಹಳಿಯ ಕೆಳಗೆ ರಬ್ಬರ್ ಹಾಳೆ, ಪಾದದ ಅಂಚಿನ ಮೇಲೆ ಲೈನರು, ಅದನ್ನೊತ್ತುವ ಸ್ಪ್ರಿಂಗ್ ಉಕ್ಕಿನ ಬಾಗಿದ ಕ್ಲಿಪ್ಪು. ನಾರ್ವೆಯ ಪೆರ್ ಪಾಂಡೆ-ರಾಲ್ಫ್‌ಸೆನ್ 1950ರ ದಶಕದಲ್ಲಿ ಕಂಡುಹಿಡಿದದ್ದು. ಆತನ ಹೆಸರೇ ‘ಪ್ಯಾಂಡ್ರೋಲ್’ ಆಯಿತು. ನಟ್ಟಿಲ್ಲ, ಬೋಲ್ಟಿಲ್ಲ, ತನ್ನ ಬಿಗುವೇ ಅದರ ಬಲ. ಸ್ಲೀಪರಿಗೆ ನಾಲ್ಕರಂತೆ, ಕಿಲೋಮೀಟರಿಗೆ 1660 ಸ್ಲೀಪರಿದ್ದಲ್ಲಿ 6640 ಕ್ಲಿಪ್ಪು! (ಗುಣಾಕಾರ ಮಾಡಿ ನೋಡಿ, ಹಳೆಯ ವಿದ್ಯಾರ್ಥಿಗಳೇ.)

ನಮ್ಮ ಸೀಮೆಯ ಬೇಸಿಗೆ ನಿಮಗೆ ಗೊತ್ತು. ಬೆಸುಗೆ ಹಾಕಿದ ಉದ್ದನೆಯ ಹಳಿ ಆ ಬಿಸಿಲಲ್ಲಿ ಹಿಗ್ಗಲು ಹೆಣಗುತ್ತದೆ. ಹಿಡಿತ ಸೋತರೆ ಅದು ಸೊಟ್ಟಗಾಗಿ ಗಾಡಿ ಹಳಿ ತಪ್ಪಬಹುದು. ತುಕ್ಕಿನಿಂದ ಕ್ಲಿಪ್ಪು ಕೆಡದಂತೆ ಅದನ್ನು ಬಿಚ್ಚಿ, ಗ್ರೀಸು ಹಚ್ಚಿ, ಮರಳಿ ಬಡಿದು ಕೂರಿಸುವವರು ಇಂದಿಗೂ ಹಳಿಗುಂಟ ನಡೆಯುವ ಕೆಲಸಗಾರರೇ. ಕಾಂಕ್ರೀಟು ಬಂದು ಅವರ ದುಡಿಮೆ ಹಗುರಾಯಿತೆಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಒಂದೊಂದು ಸ್ಲೀಪರೂ ಕಾಲು ಟನ್ನಿಗಿಂತ ಹೆಚ್ಚು ತೂಗುತ್ತದೆ.