ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ: ಬೆಳವಣಿಗೆ, ವಿವಾದಗಳು ಹಾಗೂ ಗ್ರಾಹಕರ ಹಕ್ಕುಗಳು
(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ
ಪಡಿತರ, ಪಿಂಚಣಿ, ಆಧಾರ್ ತಿದ್ದುಪಡಿ ಮುಂತಾದ ಹಲವು ಸೇವೆಗಳಲ್ಲಿ ಅರ್ಜಿದಾರರ ಮೊಬೈಲ್‌ಗೆ ಬರುವ ಒಟಿಪಿ ಸಂಖ್ಯೆ ಅವಶ್ಯಕವಾಗಿರುತ್ತದೆ. ಮೇಲ್ಕಂಡ ಮೂರು ತಾಲ್ಲೂಕುಗಳ ಒಳನಾಡಿನ ಅನೇಕ ಮಜಿರೆಗಳಲ್ಲಿ ಭಾರತ ಸಂಚಾರ ನಿಗಮ ನಿಯಮಿತದ, ಅಂದರೆ ಬಿಎಸ್‌ಎನ್‌ಎಲ್‌ನ ಸಿಗ್ನಲ್ ಮಾತ್ರ ಲಭ್ಯವಿರುತ್ತದೆ. ಆದುದರಿಂದ ಈ ಸಂಸ್ಥೆಯ ಸೇವೆಯ ಗುಣಮಟ್ಟವು ನಾಗರಿಕರು ಸರ್ಕಾರಿ ಸೌಲಭ್ಯ ಪಡೆಯುವುದಕ್ಕೆ ನೇರವಾಗಿ ಸಂಬಂಧಿಸಿದೆ.

ಬೆಳವಣಿಗೆ
ಸಿ-ಡಾಟ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲಿಗೆ ಸ್ಥಾಪಿಸಲಾಯಿತು. ಇಂತಹ ಕೇಂದ್ರಗಳ ಮೂಲಕ ಹಳ್ಳಿಗಳಿಗೆ ಸ್ಥಿರ ದೂರವಾಣಿ ತಲುಪಿತು. ಶಿರಸಿಯ 08384, ಸಿದ್ದಾಪುರದ 08389 ಮತ್ತು ಯಲ್ಲಾಪುರದ 08419 ಸಂಕೇತ ಸಂಖ್ಯೆಗಳು ಸ್ಥಿರ ದೂರವಾಣಿಗೆ ಸಂಬಂಧಿಸಿದವು.

ಕೇಂದ್ರ ಸರ್ಕಾರದ ಇಲಾಖೆಯ ದೂರವಾಣಿ ಸೇವೆಯನ್ನು ವಹಿಸಿಕೊಂಡು ಬಿಎಸ್‌ಎನ್‌ಎಲ್ 1-10-2000ರಂದು ಕಾರ್ಯಾರಂಭ ಮಾಡಿತು. ಖಾಸಗಿ ಸಂಸ್ಥೆಗಳ ಮೊಬೈಲ್ ಸೇವೆ 1995ರಲ್ಲಿಯೇ ಆರಂಭವಾಗಿದ್ದು, ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಯು 2002ರ ಅಕ್ಟೋಬರ್‌ನಲ್ಲಿ ಪ್ರಾರಂಭವಾಯಿತು. ಸೆಲ್‌ಒನ್ ಹೆಸರಿನ ಈ ಸೇವೆಯು ಖಾಸಗಿ ಸಂಸ್ಥೆಗಳು ಲಾಭ ಕಾಣದ ಘಟ್ಟದ ಊರುಗಳನ್ನೂ ತಲುಪಿತು.

ವಿವಾದಗಳು
1. ಉಪಕರಣ ಖರೀದಿ: 2006ರಲ್ಲಿ ಕರೆಯಲಾದ 4.55 ಕೋಟಿ ಸಂಪರ್ಕಗಳ ಟೆಂಡರ್ ನ್ಯಾಯಾಲಯದ ಮೆಟ್ಟಿಲೇರಿ, 2007ರಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ನಂತರದ 9.3 ಕೋಟಿ ಸಂಪರ್ಕಗಳ ಟೆಂಡರ್ 2010ರಲ್ಲಿ ರದ್ದಾಯಿತು. 2020ರಲ್ಲಿ 4ಜಿ ಟೆಂಡರ್ ಸಹ ರದ್ದಾಗಿ, ಸ್ವದೇಶಿ ಉಪಕರಣವನ್ನೇ ಬಳಸಲು ತೀರ್ಮಾನಿಸಲಾಯಿತು.
2. ತರಂಗಾಂತರ ಶುಲ್ಕ: ಖಾಸಗಿ ಸಂಸ್ಥೆಗಳು ಹರಾಜಿನಲ್ಲಿ ತಮಗೆ ಬೇಕಾದ ವಲಯಗಳನ್ನು ಆರಿಸಿಕೊಂಡವು. ಬಿಎಸ್‌ಎನ್‌ಎಲ್ ತನ್ನ ಎಲ್ಲ ವಲಯಗಳಿಗೂ ಅದೇ ದರದಲ್ಲಿ 2010ರಲ್ಲಿ ಸುಮಾರು 18,500 ಕೋಟಿ ರೂ. ಪಾವತಿಸಬೇಕಾಯಿತು.
3. ಸಿಬ್ಬಂದಿ: 2019ರ ಪುನಶ್ಚೇತನ ಯೋಜನೆಯಡಿ ಸುಮಾರು 78,500 ನೌಕರರು 31-1-2020ರಂದು ಸ್ವಯಂ ನಿವೃತ್ತಿ ಹೊಂದಿದರು. ವೇತನದ ಹೊರೆ ತಗ್ಗಿತಾದರೂ ದುರಸ್ತಿಗೆ ಜನರಿಲ್ಲವೆಂಬ ದೂರು ಕೇಳಿಬಂದಿತು.

ಈ ಎಲ್ಲದರ ಪರಿಣಾಮವಾಗಿ, ಸ್ವದೇಶಿ ತಂತ್ರಜ್ಞಾನದ 4ಜಿ ಸೇವೆಯನ್ನು ರಾಷ್ಟ್ರಮಟ್ಟದಲ್ಲಿ ಪ್ರಧಾನ ಮಂತ್ರಿಗಳು ಉದ್ಘಾಟಿಸಿದ್ದು 27-9-2025ರಂದು. ಇದಕ್ಕೂ ಮುನ್ನ, 2022ರಲ್ಲಿ, ಸಂಪರ್ಕರಹಿತ 24,680 ಗ್ರಾಮಗಳಿಗೆ 4ಜಿ ಒದಗಿಸುವ 26,316 ಕೋಟಿ ರೂ. ಯೋಜನೆಗೆ ಕೇಂದ್ರ ಸಚಿವ ಸಂಪುಟವು ಅನುಮೋದನೆ ನೀಡಿತ್ತು.

ಸ್ಥಳೀಯ ತೊಡಕುಗಳು
ಈ ತಾಲ್ಲೂಕುಗಳಲ್ಲಿ ಮನೆಗಳು ಅಡಿಕೆ ತೋಟಗಳ ಪಕ್ಕ, ಕಣಿವೆಗಳಲ್ಲಿ ಚದುರಿಕೊಂಡಿದ್ದು, ನಡುವಿನ ಗುಡ್ಡವು ಸಿಗ್ನಲ್ ತಡೆಯುತ್ತದೆ. ಟವರಿಗೆ ಅರಣ್ಯ ಭೂಮಿ ಬೇಕಾದಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯಿದೆಯನ್ವಯ ಅನುಮತಿ ಅವಶ್ಯ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿತಗೊಂಡಾಗ, ಬ್ಯಾಟರಿ ಅಥವಾ ಡೀಸೆಲ್ ಇಲ್ಲದ ಟವರ್ ಸ್ತಬ್ಧವಾಗುತ್ತದೆ. ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಮಲೆನಾಡಿನ ವಿದ್ಯಾರ್ಥಿಗಳು ಗುಡ್ಡ ಹತ್ತಬೇಕಾಗಿ ಬಂದಾಗ ಈ ಕೊರತೆಯು ಎಲ್ಲರ ಗಮನಕ್ಕೆ ಬಂದಿತು.

ದೂರು ಸಲ್ಲಿಸುವ ವಿಧಾನ
ದೂರನ್ನು ಬಾಯಿಮಾತಿನಲ್ಲಿ ತಿಳಿಸಿದರೆ ಸಾಲದು. ದಾಖಲಾದ ದೂರಿಗೆ ಮಾತ್ರ ಮೇಲ್ಮನವಿಯ ಹಕ್ಕು ಇರುತ್ತದೆ.

1. ಸಂಸ್ಥೆಯ ದೂರು ಕೇಂದ್ರ 1800-180-1503ಕ್ಕೆ ಕರೆ ಮಾಡಿ, ದೂರು ಸಂಖ್ಯೆಯನ್ನು ಕಡ್ಡಾಯವಾಗಿ ಪಡೆದು ಬರೆದಿಟ್ಟುಕೊಳ್ಳುವುದು.
2. ಪರಿಹಾರ ದೊರೆಯದಿದ್ದಲ್ಲಿ, ಟ್ರಾಯ್‌ನ 2012ರ ನಿಯಮಾವಳಿಯಂತೆ 30 ದಿನಗಳೊಳಗೆ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿರುವುದಿಲ್ಲ, 39 ದಿನಗಳಲ್ಲಿ ಇತ್ಯರ್ಥವಾಗಬೇಕು.
3. ದೂರಸಂಪರ್ಕ ಸೇವೆಯು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಯಲ್ಲಿದ್ದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ನೀಡಬಹುದು.

ಸೂಚನೆ
ಸಂಖ್ಯೆ ಬದಲಾಗದಂತೆ ಬೇರೆ ಸಂಸ್ಥೆಗೆ ವರ್ಗಾವಣೆಗೊಳ್ಳುವ ಸೌಲಭ್ಯವು 20-1-2011ರಿಂದ ದೇಶಾದ್ಯಂತ ಲಭ್ಯವಿದೆ. ಆದರೆ ಹೊಸ ಸಂಸ್ಥೆಯ ಸಿಗ್ನಲ್ ತಮ್ಮ ಮನೆಯಲ್ಲಿ ಸಿಗುವುದನ್ನು ಖಚಿತಪಡಿಸಿಕೊಂಡ ನಂತರವೇ ಅರ್ಜಿ ಸಲ್ಲಿಸತಕ್ಕದ್ದು. ಸಿಗ್ನಲ್ ಇಲ್ಲದ ಊರಿನವರು ಒಟಿಪಿ ಅವಶ್ಯವಿರುವ ಅರ್ಜಿಗಳನ್ನು ಕೊನೆಯ ದಿನಾಂಕದವರೆಗೆ ಕಾಯದೆ ಮುಂಚಿತವಾಗಿ ಸಲ್ಲಿಸಲು ಕೋರಲಾಗಿದೆ.