ಆಟಿಸಂ ಇರುವ ಮಕ್ಕಳಿಗೆ ಔಷಧ: ಮನೆಯವರು ತಿಳಿದಿರಬೇಕಾದ ವಿಷಯಗಳು



ಆಟಿಸಂ ಇರುವ ಮಗುವಿಗೆ ವೈದ್ಯರು ಮಾತ್ರೆ ಬರೆದುಕೊಟ್ಟಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ಇಷ್ಟು ಚಿಕ್ಕ ಮಗುವಿಗೆ ಇದು ಬೇಕೇ?" ಎಂಬುದು. ಈ ಅಂಜಿಕೆ ಸಹಜವೇ. ಆದರೆ ಅಂಜಿ ಮಾತ್ರೆಯನ್ನು ಕಪಾಟಿನಲ್ಲೇ ಇಡುವುದೂ ಸರಿಯಲ್ಲ, ಏನೂ ಕೇಳದೆ ನುಂಗಿಸುವುದೂ ಸರಿಯಲ್ಲ. ಸದಸ್ಯರ ತಿಳಿವಳಿಕೆಗಾಗಿ ಕೆಲವು ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಔಷಧ ಯಾವುದಕ್ಕೆ?

ಆಟಿಸಂ ಅನ್ನೇ ವಾಸಿ ಮಾಡುವ ಔಷಧ ಇಲ್ಲ. ಮಾತು, ಕಲಿಕೆ, ಇತರರೊಡನೆ ಬೆರೆಯುವುದು ಇವಕ್ಕೆ ತರಬೇತಿಯೇ ಮುಖ್ಯ. ಔಷಧ ಕೊಡುವುದು ಜೊತೆಗಿರುವ ತೊಂದರೆಗಳಿಗೆ: ತನ್ನನ್ನೇ ಹೊಡೆದುಕೊಳ್ಳುವುದು, ತೀವ್ರ ಸಿಟ್ಟು, ನಿದ್ರೆ ಬಾರದಿರುವುದು, ಅತಿ ಚಟುವಟಿಕೆ, ಮೂರ್ಛೆರೋಗ ಇತ್ಯಾದಿ.

ತೀವ್ರ ಸಿಟ್ಟು ಮತ್ತು ಕಿರಿಕಿರಿಗೆ ಹೆಚ್ಚಾಗಿ ಬರೆಯುವ ಔಷಧಗಳು ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್. ಆಟಿಸಂ ಇರುವ ಮಕ್ಕಳ ಈ ತೊಂದರೆಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೊದಲನೆಯದಕ್ಕೆ 2006ರಲ್ಲಿ, ಎರಡನೆಯದಕ್ಕೆ 2009ರಲ್ಲಿ ಒಪ್ಪಿಗೆ ಕೊಟ್ಟಿತು. ಇವುಗಳಿಂದ ಹಸಿವು ಮತ್ತು ತೂಕ ಹೆಚ್ಚಬಹುದು, ತೂಕಡಿಕೆ ಬರಬಹುದು, ರಕ್ತದ ಸಕ್ಕರೆ ಮತ್ತು ಕೊಬ್ಬು ಏರಬಹುದು. ಆದ್ದರಿಂದ ಆಗಾಗ ತೂಕ ನೋಡಿಸಬೇಕು, ವೈದ್ಯರು ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಬೇಕು.

ಮೊದಲು ದೇಹ ನೋಡಿಸಿ

ಮಾತು ಬಾರದ ಮಗು ಹಲ್ಲುನೋವು, ಕಿವಿನೋವು, ಮಲಬದ್ಧತೆ ಎಂದು ಹೇಳಲಾರದು; ತಲೆ ಚಚ್ಚಿಕೊಳ್ಳುತ್ತದೆ, ಕೈ ಕಚ್ಚಿಕೊಳ್ಳುತ್ತದೆ. ನೋವಿನಿಂದ ಅಳುವ ಮಗುವನ್ನು ಮಾತ್ರೆ ಕೊಟ್ಟು ಸುಮ್ಮನಾಗಿಸಿದರೆ ನೋವು ಒಳಗೇ ಉಳಿಯುತ್ತದೆ. ವರ್ತನೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ಪರೀಕ್ಷಿಸಲು ವೈದ್ಯರನ್ನು ಕೇಳಿ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ಈ ಮಾತ್ರೆ ಯಾವ ತೊಂದರೆಗೆ?
2. ಎಷ್ಟು ದಿನದಲ್ಲಿ ಗುಣ ಕಾಣಬೇಕು? ಕಾಣದಿದ್ದರೆ ಮುಂದೇನು?
3. ಯಾವ ಅಡ್ಡಪರಿಣಾಮ ಕಂಡರೆ ಕೂಡಲೇ ಬರಬೇಕು?
4. ಎಷ್ಟು ಕಾಲ ಕೊಡಬೇಕು? ನಿಲ್ಲಿಸುವುದು ಹೇಗೆ?

ಒಂದು ನೋಟ್‌ಬುಕ್ ಇಟ್ಟು ಮಾತ್ರೆ ಕೊಟ್ಟ ಹೊತ್ತು, ನಿದ್ರೆ, ಊಟ, ಸಿಟ್ಟು ಬಂದ ಸಲ, ತೂಕ ಇವನ್ನು ದಿನಾಂಕ ಹಾಕಿ ಬರೆದಿಡಿ. "ಸ್ವಲ್ಪ ಪರವಾಗಿಲ್ಲ" ಎಂಬ ಮಾತಿಗಿಂತ ಈ ಲೆಕ್ಕ ವೈದ್ಯರಿಗೆ ಹೆಚ್ಚು ಉಪಯೋಗ.

ಮಾಡಬಾರದ ಕೆಲಸಗಳು

ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಮೂರ್ಛೆರೋಗದ ಮಾತ್ರೆಯ ವಿಷಯದಲ್ಲಂತೂ ಇದು ಅಪಾಯ. ಶಾಲೆಯವರು ದೂರು ಹೇಳಿದರೆಂದು, ನೆಂಟರ ಮದುವೆಗೆ ಹೋಗಬೇಕೆಂದು ಪ್ರಮಾಣ ಹೆಚ್ಚಿಸಬೇಡಿ. ಬೇರೆ ಮಗುವಿನ ಚೀಟಿ ನೋಡಿ ಔಷಧ ತರಬೇಡಿ. ಕುತ್ತಿಗೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುವುದು, ಮೈ ಸೆಟೆದು ಜ್ವರ ಏರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

"ಪೂರ್ತಿ ಗುಣ" ಎನ್ನುವವರ ಬಗ್ಗೆ ಎಚ್ಚರ. ದೇಹದ ಲೋಹ ತೆಗೆಯುತ್ತೇವೆಂದು ಕೊಟ್ಟ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಒಬ್ಬ ಬಾಲಕ ತೀರಿಕೊಂಡ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲವೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ತಿಳಿಸಿದೆ. ಹೊಲ ಮಾರಿ ಇಂಥದ್ದಕ್ಕೆ ಹಣ ಕಟ್ಟಬೇಡಿ.

ಗಡಿನಾಡಿನವರ ಕಷ್ಟ

ನಮ್ಮ ತಾಯಂದಿರು ಮಗುವಿನ ಕಷ್ಟವನ್ನು ಕನ್ನಡದಲ್ಲಿ ಹೇಳಬಲ್ಲರು. ವೈದ್ಯರ ಮಾತು ಕಾಸರಗೋಡಿನಲ್ಲಿ ಮಲಯಾಳ, ಸೊಲ್ಲಾಪುರದಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದೋನಿಯಲ್ಲಿ ತೆಲುಗು. ನಡುವೆ ಅರ್ಧ ವಿಷಯ ಬಿದ್ದುಹೋಗುತ್ತದೆ; "ಮಲಗುವ ಮುಂಚೆ ಅರ್ಧ ಮಾತ್ರೆ" ಎಂಬುದು ತಪ್ಪಾಗಿ ಕೇಳಿಸಿದರೂ ಅನಾಹುತ. ಆದ್ದರಿಂದ ಎರಡೂ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಗು ಸಿಟ್ಟಾದಾಗ ಮೊಬೈಲ್‌ನಲ್ಲಿ ವಿಡಿಯೊ ತೆಗೆದು ವೈದ್ಯರಿಗೆ ತೋರಿಸಿ, ಅದಕ್ಕೆ ಭಾಷೆಯ ಅಡ್ಡಿಯಿಲ್ಲ. ಔಷಧ ಅಂಗಡಿಯಲ್ಲಿ ಪ್ರಮಾಣವನ್ನು ಇನ್ನೊಮ್ಮೆ ಕೇಳಿ, ಕನ್ನಡದಲ್ಲಿ ಚೀಟಿಯ ಹಿಂದೆ ಬರೆದುಕೊಳ್ಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ವಾಕ್ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡ್ ಯಾವ ರಾಜ್ಯದಲ್ಲಿ ಪಡೆದರೂ ದೇಶವಿಡೀ ಸಲ್ಲುತ್ತದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಅವಕಾಶವಿದೆ.

ಈ ಬರಹ ವೈದ್ಯರ ಸಲಹೆಗೆ ಬದಲಿಯಲ್ಲ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಮಗುವನ್ನು ಪರೀಕ್ಷಿಸಿದ ವೈದ್ಯರೊಡನೆ ಕೂತು ತೀರ್ಮಾನಿಸಿ. ಅಳತೆಗೋಲು ಒಂದೇ: ಮಗುವಿಗೆ ನೆಮ್ಮದಿ ಆಯಿತೇ ಎಂಬುದು, ಮನೆಯಲ್ಲಿ ಸದ್ದು ಕಡಿಮೆಯಾಯಿತೇ ಎಂಬುದಲ್ಲ. ಆಸ್ಪತ್ರೆಗೆ ಜೊತೆಗೆ ಬರಲು, ಅರ್ಜಿ ತುಂಬಲು ಸಹಾಯ ಬೇಕಾದವರು ಸಂಕೋಚಪಡದೆ ಸಂಘಕ್ಕೆ ತಿಳಿಸಬೇಕಾಗಿ ವಿನಂತಿ.

ಕಾರ್ಯದರ್ಶಿ